ಹೊಳೆದಂಡೆಯ ಐಸಾ

ಮೊನ್ನೆ ಮಡಗಾಂವದ ಬಸ್ ನಿಲ್ದಾಣದ ಹೊರಗೆ ಕಾಣಕೋಣಕ್ಕೆ ಹೊರಟಿದ್ದ ಮಿನಿ ಬಸ್ಸು ಕೆಟ್ಟು ನಿಂತಿತು. ಕಂಡಕ್ಟರ್ ಗಂಡಸರನ್ನೆಲ್ಲ ಇಳಿಸಿ ಹಿಂದೆ ನಿಲ್ಲಿಸಿದ. ಒಬ್ಬ ನೂಕುವಾಗ ಇನ್ನೊಬ್ಬ ಬೆವರು ಒರೆಸಿಕೊಳ್ಳುತ್ತಿದ್ದ, ಮತ್ತೊಬ್ಬ ಮೊಬೈಲು ಜೇಬಿಗೆ ಹಾಕುತ್ತಿದ್ದ. ಬಸ್ಸು ಜಪ್ಪಯ್ಯ ಅಂದರೂ ಅಲುಗಲಿಲ್ಲ. ನಾನು ಮೊಣಕಾಲು ನೋವಿನ ಹೆಂಗಸು, ಸುಮ್ಮನೆ ಸೀಟಿನಲ್ಲಿ ಕೂತಿರಬಹುದಿತ್ತು. ಆದರೆ ಆ ಅಡ್ಡಾದಿಡ್ಡಿ ನೂಕಾಟ ನೋಡಿ ಮೈಯೆಲ್ಲ ತುರಿಸತೊಡಗಿತು. ಇಳಿದೆ. ಚೀಲ ಎದೆಗವಚಿಕೊಂಡು ಬಸ್ಸಿನ ಬದಿಗೆ ನಿಂತು ಗಂಟಲು ಬಿಚ್ಚಿ, "ಎದಿಗಿ ಹಚ್ಚರೋ, ಐಸಾ" ಎಂದು ಕೂಗಿದೆ. ಮೊದಲ ಸಲ ಎಲ್ಲರೂ ನನ್ನ ಮುಖ ನೋಡಿದರು. ಮತ್ತೆ ಕೂಗಿದಾಗ ತೋಳುಗಳೆಲ್ಲ ಒಟ್ಟಿಗೆ ಬಿದ್ದವು, ಎಂಜಿನ್ ಕೆಮ್ಮಿ ಎದ್ದಿತು. ನೂಕಿದವರು ಓಡುತ್ತ ಹತ್ತಿಕೊಂಡರು. ಬಸ್ಸು ಹೊಗೆ ಬಿಟ್ಟು ಹೋಗಿಯೇ ಹೋಯಿತು, ನಾನು ಚೀಲದೊಂದಿಗೆ ರಸ್ತೆಯಲ್ಲೇ ಉಳಿದೆ.

ಇದು ನನಗಿರುವ ಹಳೆಯ ಚಟ. ಮಡಗಾಂವದ ಪಕ್ಕದ ಫಾತೋರ್ಡಾದಲ್ಲಿ ನನ್ನದೊಂದು ಪುಟ್ಟ ಹೊಲಿಗೆ ಅಂಗಡಿ. ಪಕ್ಕದ ಕಟ್ಟಡಕ್ಕೆ ಯಾರೋ ಫ್ರಿಜ್ಜು ಏರಿಸುತ್ತಿದ್ದರೆ ಸಾಕು, ಬ್ಲೌಸಿನ ತೋಳು ಅರ್ಧಕ್ಕೆ ಬಿಟ್ಟು ಹೊರಗೆ ಬಂದು ನಿಲ್ಲುತ್ತೇನೆ. ಮದುವೆ ಮನೆಯಲ್ಲಿ ಅನ್ನದ ಹಂಡೆ ಇಳಿಸುವವರಿಗೂ ಐಸಾ ಹೇಳಿದ್ದೇನೆ. ನನ್ನ ಮಗ ಒಮ್ಮೆ ನೊಂದು, "ಯವ್ವಾ, ನೀ ಒಂದಿನ ಯಾರದರೆ ಹೆಣಾ ಎತ್ತೂ ಮುಂದೂ ಐಸಾ ಅಂತಿ ನೋಡು" ಅಂದಿದ್ದ. ಅನ್ನಲಿಕ್ಕಿಲ್ಲ ಎಂದು ಎದೆ ತಟ್ಟಿ ಹೇಳುವ ಧೈರ್ಯ ನನಗೂ ಇಲ್ಲ. ಸ್ವತಃ ನಾನು ಒಂದು ಬಕೆಟ್ ನೀರನ್ನೂ ನೆಟ್ಟಗೆ ಎತ್ತಲಾರೆ. ಆದರೆ ಎತ್ತುವವರಿಗೆ ಹೇಳಿಕೊಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ಮಾತ್ರ ಇದೆ. ಈ ಜಂಬ ನನ್ನ ಸ್ವಂತ ಗಳಿಕೆಯೂ ಅಲ್ಲ, ಅವ್ವನಿಂದ ಬಂದದ್ದು. ಅವ್ವನಿಗೆ ಅದು ಹೊಳೆಯಿಂದ ಬಂದದ್ದು.

ನೀವು ಕಾಣಕೋಣದ ಚಾವಡಿ ಪೇಟೆಯಿಂದ ಒಳಕ್ಕೆ ತಿರುಗಿ, ತಳಪಣ ಹೊಳೆಯ ಪಕ್ಕದಲ್ಲೇ ಕಾಡಿನ ಕಡೆ ಏರುವ ರಸ್ತೆಯಲ್ಲಿ ಹೋಗಿದ್ದೀರೋ ಇಲ್ಲವೋ. ಈಗ ಅದಕ್ಕೆ ಬಹಳ ಹೆಸರು ಬಂದಿದೆ. ಬಾಡಿಗೆ ಸ್ಕೂಟರಿನ ಜೋಡಿಗಳು ತಿರುವಿಗೊಮ್ಮೆ ನಿಂತು ಫೋಟೊ ಹೊಡೆದುಕೊಳ್ಳುತ್ತಾರೆ. ಒಂದು ಕಡೆ ತೆಂಗು, ಇನ್ನೊಂದು ಕಡೆ ಗುಡ್ಡ, ನಡುವೆ ಹಸಿರು ನೀರು; ಅವರ ತಪ್ಪೇನಿಲ್ಲ, ನಿಲ್ಲುವಂಥದ್ದೇ ದಾರಿ. ಅವರು ನಿಂತು ನಗುವ ಜಾಗದಲ್ಲೇ ನಾನು ಹುಟ್ಟಿದ್ದು ಎಂದು ಅವರಿಗೆ ಗೊತ್ತಿಲ್ಲ, ಅಷ್ಟೆ. ಅಲ್ಲೊಂದು ಊರಿತ್ತು. ಒಂದಲ್ಲ, ಎರಡು. ಮ್ಯಾಲಿನ ಧಕ್ಕಿ ಒಂದು, ಕೆಳಗಿನ ಧಕ್ಕಿ ಇನ್ನೊಂದು; ಧಕ್ಕಿ ಅಂದರೆ ಹೊಳೆಗೆ ಸರಕು ಇಳಿಸುವ, ಏರಿಸುವ ಕಟ್ಟೆ. ನಕಾಶೆಯಲ್ಲಿ ಹುಡುಕಬೇಡಿ, ಸಿಗುವುದಿಲ್ಲ.

ಕಾಡಿನ ಕಟ್ಟಿಗೆಯ ಗುತ್ತಿಗೆ ಹಿಡಿದ ಸಾವ್ಕಾರನೊಬ್ಬ ಧಾರವಾಡ, ವಿಜಾಪುರದ ಕಡೆಯಿಂದ ನಮ್ಮ ಅಜ್ಜಂದಿರನ್ನು ಕರೆತಂದಿದ್ದನಂತೆ. ಗುಡ್ಡದ ಮೇಲೆ ಕಡಿದ ದಿಮ್ಮಿಗಳನ್ನು ಕೋಣ ಕಟ್ಟಿ, ಹಗ್ಗ ಕಟ್ಟಿ ಮ್ಯಾಲಿನ ಧಕ್ಕಿಗೆ ಎಳೆದು ತರುತ್ತಿದ್ದರು. ಮಳೆಗಾಲ ಮುಗಿದು ಹೊಳೆ ಮೈತುಂಬಿ ನಿಧಾನವಾದಾಗ ಅವನ್ನು ಬಿದಿರಿನ ಕಟ್ಟುಗಳಿಗೆ ಬಿಗಿದು ನೀರಿಗೆ ನೂಕುತ್ತಿದ್ದರು. ತೇಲುತ್ತ ಬಂದ ದಿಮ್ಮಿಗಳನ್ನು ಕೆಳಗಿನ ಧಕ್ಕಿಯವರು ದಂಡೆಗೆ ಎಳೆದು ಲಾರಿಗೆ ಏರಿಸುತ್ತಿದ್ದರು. ಮೇಲಿನವರದು ನೂಕುವ ಕೆಲಸ, ಕೆಳಗಿನವರದು ಎಳೆಯುವ ಕೆಲಸ. ಎರಡೂ ಊರಿನ ಜಗಳವೆಲ್ಲ ಇಲ್ಲಿಂದಲೇ ಹುಟ್ಟಿದ್ದು.

ಐಸಾ ಎಂಬ ಕೂಗು ಎರಡೂ ಕಡೆ ಒಂದೇ. ಆದರೆ ನೂಕುವವರು "ಐ" ಅನ್ನುತ್ತಲೇ ಬಲ ಹಾಕುತ್ತಿದ್ದರು. ಮಲಗಿದ ದಿಮ್ಮಿಯನ್ನು ಬೆಚ್ಚಿಬೀಳಿಸಿದರೆ ಮಾತ್ರ ಅದು ಹೊರಳುತ್ತದೆ ಎಂಬುದು ಅವರ ವಾದ. ಎಳೆಯುವವರು "ಐ" ಅಂದಾಗ ಹಗ್ಗ ಬಿಗಿ ಮಾಡಿ, "ಸಾ" ಅಂದಾಗ ಬಲ ಹಾಕುತ್ತಿದ್ದರು. ಸಡಿಲ ಹಗ್ಗ ಎಳೆದವನು ಬೆನ್ನ ಮೇಲೆ ಬೀಳುತ್ತಾನೆ ಎಂಬುದು ಇವರ ವಾದ. ಇಬ್ಬರದೂ ಸರಿಯೇ. ಆದರೆ ಸರಿ ಇರುವ ಇಬ್ಬರು ಒಂದೇ ಹೊಳೆಯ ದಂಡೆಯಲ್ಲಿದ್ದರೆ ಏನಾಗುತ್ತದೆ ಎಂದು ನಿಮಗೆ ಗೊತ್ತೇ ಇದೆ. ಮೇಲಿನವರು ನಮ್ಮನ್ನು "ತಡಾ ಮಂದಿ" ಅನ್ನುತ್ತಿದ್ದರು, ನಾವು ಅವರನ್ನು "ಅವಸರದ ಮಂದಿ" ಅನ್ನುತ್ತಿದ್ದೆವು. ನಾವು ಅಂದರೆ ಅರ್ಧ ನಾನು. ನನ್ನ ಅವ್ವ ಮ್ಯಾಲಿನ ಧಕ್ಕಿಯವಳು, ಅಪ್ಪ ಕೆಳಗಿನ ಧಕ್ಕಿಯವನು.

ಕೂಗು ಹೇಳುವುದು ಗಂಡಸರ ಕೆಲಸವಾಗಿತ್ತು. ತೇಲುವ ದಿಮ್ಮಿಗಳ ಜೊತೆ ಕೆಳಗಿನ ಧಕ್ಕಿಗೆ ಇಳಿದಿದ್ದ ತನ್ನ ಅಣ್ಣ ಯಲ್ಲಪ್ಪನಿಗೆ ಅವ್ವ ಬುತ್ತಿ ಕೊಡಲು ಬಂದ ದಿನ ಅಲ್ಲಿ ಕೂಗುವವನ ಗಂಟಲು ಕಟ್ಟಿತ್ತಂತೆ. ಅವನ ಕರಕರ ದನಿಗೆ ಯಾರ ಕೈಯೂ ಕೂಡುತ್ತಿರಲಿಲ್ಲ. ಅವ್ವ ಬುತ್ತಿಗಂಟು ನೆಲಕ್ಕಿಟ್ಟು ದಂಡೆಯ ಕಲ್ಲಿನ ಮೇಲೆ ನಿಂತು ಕೂಗಿಯೇ ಬಿಟ್ಟಳು. ದಿಮ್ಮಿ ಮೇಲಕ್ಕೆ ಬಂತು. ಅದರೊಂದಿಗೆ ಹಗ್ಗದ ತುದಿಯಲ್ಲಿದ್ದ ಅಪ್ಪನ ಮನಸ್ಸೂ ಬಂತು ಎಂದು ಅಪ್ಪನೇ ನಾಚಿಕೆಯಿಲ್ಲದೆ ಹೇಳುತ್ತಿದ್ದ. ಅಂದಿನಿಂದ ಅವ್ವನೇ ಕೂಗುವವಳು. ಹಾಡು ಕಟ್ಟಿ ಕಟ್ಟಿ ಕೂಗುತ್ತಿದ್ದಳು. ಸಾವ್ಕಾರ ನೋಡಲು ಬಂದರೆ ಅವನ ಹೊಟ್ಟೆ, ಅವನ ಛತ್ರಿ, ಅವನು ಚಹಾ ಹೀರುವ ಸದ್ದು ಎಲ್ಲ ಹಾಡಿನೊಳಗೆ ಬರುತ್ತಿದ್ದವು. ಕನ್ನಡ ಬಾರದ ಸಾವ್ಕಾರ ತನ್ನನ್ನು ಹೊಗಳುತ್ತಿದ್ದಾಳೆಂದು ತಲೆದೂಗಿ ಚಪ್ಪಾಳೆ ತಟ್ಟುತ್ತಿದ್ದ.

ದಿಮ್ಮಿಗಳ ಹೊರಮೈ ಸೀಳಿ ತೆಗೆದ ತೊಗಟೆಯ ಹಲಗೆಗಳೇ ನಮ್ಮ ಮನೆಯ ಗೋಡೆ. ಮಳೆಗಾಲದಲ್ಲಿ ಗೋಡೆಗಳಲ್ಲಿ ಅಣಬೆ ಏಳುತ್ತಿತ್ತು, ಅವ್ವ ಅದನ್ನು ಕಿತ್ತು ನಮ್ಮ ಕೈಗೆ ಸಿಗದಂತೆ ಎಸೆಯುತ್ತಿದ್ದಳು. ಬೆಳಗ್ಗೆ ಸೈಕಲ್ಲಿನ ಹಾರ್ನು ಒತ್ತುತ್ತ ಇಲ್ಲಿಯ ಬ್ರೆಡ್ಡು, ಪಾವು, ಮಾರುವವನು ಬರುತ್ತಿದ್ದ. ನಾವು ಪಾವಿಗೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಹಚ್ಚಿ ತಿನ್ನುತ್ತಿದ್ದೆವು. ಗೋವೆಗೂ ವಿಜಾಪುರಕ್ಕೂ ಇದಕ್ಕಿಂತ ಒಳ್ಳೆಯ ಸಂಬಂಧ ಕೂಡಿಸಿದವರನ್ನು ನಾನು ಕಂಡಿಲ್ಲ. ಹೊಳೆಯ ತಿರುವಿನಲ್ಲಿ ಒಂದು ಶಿಲುಬೆಯಿತ್ತು, ಅದರಾಚೆ ಮರದ ಬುಡದಲ್ಲಿ ನಮ್ಮ ಎಲ್ಲಮ್ಮನ ಕಲ್ಲಿತ್ತು. ದೊಡ್ಡ ದಿಮ್ಮಿ ಎಳೆಯುವ ದಿನ ಅಪ್ಪ ಎರಡೂ ಕಡೆ ಕೈ ಮುಗಿಯುತ್ತಿದ್ದ. ಯಾಕೆ ಎಂದು ಕೇಳಿದರೆ, ಹೊಳೆ ಇಬ್ಬರದೂ ಅಲ್ಲವೇ ಅನ್ನುತ್ತಿದ್ದ.

ಮನೆಯಲ್ಲಿ ಅಪ್ಪ ಅವ್ವನ ನಡುವೆ ಪ್ರೀತಿಗೆ ಕೊರತೆಯಿರಲಿಲ್ಲ, ಆದರೆ ಟ್ರಂಕು ಸರಿಸುವ ಕೆಲಸ ಬಂದರೆ ಮುಗಿಯಿತು. ಮಳೆ ಸೋರಿದಾಗಲೆಲ್ಲ ಆ ಕಬ್ಬಿಣದ ಟ್ರಂಕನ್ನು ಮೂಲೆಯಿಂದ ಮೂಲೆಗೆ ಸರಿಸಬೇಕಿತ್ತು. ಅವ್ವ ಐಸಾ ಅನ್ನುತ್ತಿದ್ದಳು. "ಐ" ಎನ್ನುವಾಗ ಅವಳೇ ಎಳೆಯುತ್ತಿದ್ದಳು, "ಸಾ" ಎನ್ನುವಾಗ ಅಪ್ಪ. ಟ್ರಂಕು ಒಮ್ಮೆ ಈ ಮೂಲೆ, ಒಮ್ಮೆ ಆ ಮೂಲೆ ಮುಂದಿಟ್ಟು ಬಾತುಕೋಳಿಯ ಹಾಗೆ ಹೋಗುತ್ತಿತ್ತು. ಅವರಿಬ್ಬರೂ ಅಷ್ಟೂ ದೂರ ಬೈದಾಡಿಕೊಳ್ಳುತ್ತಿದ್ದರು. ನಾವು ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಆಮೇಲೆ ಕಾಡು ಕಡಿಯುವುದು ನಿಂತಿತು. ಒಳ್ಳೆಯದೇ ಆಯಿತು ಎಂದು ಈಗ ಅನ್ನಿಸುತ್ತದೆ. ಕಾಡು ಹಾಳು ಮಾಡಿದ ಮಂದಿ ಎಂದು ಯಾರಾದರೂ ಮೂಗು ಮುರಿದರೆ, ಕಡಿದವರು ಬೇರೆ, ಎಳೆದವರು ಬೇರೆ ಎಂದು ಜಾರಿಕೊಳ್ಳಲು ನನಗೆ ಮನಸ್ಸಿಲ್ಲ. ಎಳೆದದ್ದು ನಾವೇ. ಆದರೆ ಈ ತಾಲೂಕಿನ ಯಾವ ಹಳೆಯ ಮನೆಗೆ ಹೋದರೂ ನಾನು ಮೊದಲು ಕತ್ತೆತ್ತಿ ತೊಲೆ ನೋಡುತ್ತೇನೆ. ಆ ತೊಲೆ ನಮ್ಮವರ ಅಂಗೈ ದಾಟಿ ಬಂದಿದೆ ಎಂದು ಹೆಮ್ಮೆಯಾಗುತ್ತದೆ. ಆ ಹೆಮ್ಮೆಯನ್ನು ಮುಚ್ಚಿಡಲು ನನಗೆ ಬರುವುದಿಲ್ಲ.

ಕಟ್ಟಿಗೆ ನಿಂತ ಮೇಲೆ ಜನ ಚದುರಿದರು. ಕೆಲವರು ಫಾತೋರ್ಡಾದ ಕಟ್ಟಡ ಕೆಲಸಕ್ಕೆ ಬಂದರು, ಕೆಲವರು ವಾಸ್ಕೋದ ಬಂದರಿಗೆ ಹೋದರು, ಕೆಲವರ ಮಕ್ಕಳು ಸಮುದ್ರ ದಂಡೆಯಲ್ಲಿ ಮಣಿಸರ, ಚಾದರ ಮಾರತೊಡಗಿದರು. ತೊಗಟೆ ಮನೆಗಳನ್ನು ಗೆದ್ದಲು ತಿಂದಿತು, ಉಳಿದದ್ದನ್ನು ಹೊಳೆ ಒಯ್ದಿತು. ಮೇಲೆ ನಾಲ್ಕಾರು ಮನೆ, ಕೆಳಗೆ ನಾಲ್ಕಾರು ಮನೆ ಉಳಿದವು. ಅಪ್ಪ ತೀರಿಕೊಂಡ ಮೇಲೂ ಅವ್ವ ಕೆಳಗಿನ ಧಕ್ಕಿ ಬಿಡಲಿಲ್ಲ. ಫಾತೋರ್ಡಾಕ್ಕೆ ಬಾ ಎಂದು ಕರೆದರೆ, ಅಲ್ಲಿ ಯಾರಿಗೆ ಐಸಾ ಹೇಳಲಿ ಅನ್ನುತ್ತಾಳೆ.

ಹೋದ ಬೇಸಿಗೆಯಲ್ಲಿ ಈ ದಾರಿಯ ಉದ್ದಕ್ಕೂ ಪ್ರವಾಸಿಗರಿಗಾಗಿ ಕಲ್ಲಿನ ಫಲಕ ನಿಲ್ಲಿಸುವುದು ಎಂದಾಯಿತು. ಯಾವ ತಿರುವಿನಲ್ಲಿ ಯಾವ ಊರು, ಅದರ ಕಥೆಯೇನು ಎಂದು ಅದರಲ್ಲಿ ಬರೆಯುತ್ತಾರೆ. ಪಂಚಾಯತಿಯ ಸರಪಂಚ ಉಲ್ಲಾಸಬಾಬ ಅದರ ಮುಂದಾಳು. ಅವರು ಇಲ್ಲಿಯದೇ ಹಳೆಯ ಮನೆತನದವರು, ಒಳ್ಳೆಯ ಮನುಷ್ಯ, ಅವ್ವನಿಗೆ ಜ್ವರ ಬಂದಾಗ ತಮ್ಮ ಗಾಡಿಯಲ್ಲಿ ದವಾಖಾನೆಗೆ ಒಯ್ದವರು. ಅವರು ಕೊಂಕಣಿಯಲ್ಲಿ ಮಾತಾಡುತ್ತಾರೆ, ಅವ್ವ ಕನ್ನಡದಲ್ಲಿ ಉತ್ತರ ಕೊಡುತ್ತಾಳೆ, ಇಬ್ಬರಿಗೂ ಒಂದು ದಿನವೂ ತೊಡಕಾಗಿಲ್ಲ. ನಮ್ಮ ತಿರುವಿನ ಫಲಕದಲ್ಲಿ "ಹಳೆಯ ಕಟ್ಟಿಗೆ ಕ್ಯಾಂಪ್" ಎಂದು ಬರೆಸುವುದಾಗಿ ಅವರು ಹೇಳಿದರು. ಹೊರಗಿನಿಂದ ಕೆಲಸಕ್ಕೆ ಬಂದವರ ವಸತಿ ತಾನೇ, ಊರು ಅನ್ನಲು ಬರುವುದಿಲ್ಲ ಎಂದು ಸಂಕೋಚದಿಂದಲೇ ವಿವರಿಸಿದರು.

ಅವ್ವ ಆಗ ಮೀನು ಹಸನು ಮಾಡುತ್ತಿದ್ದಳು. ಕೈ ತೊಳೆದುಕೊಂಡು ಎದ್ದು ನಿಂತಳು.

"ಕ್ಯಾಂಪ್ ಅಂದ್ರ ಬಿಚ್ಚಿ ಕಟಗೊಂಡ ಹೋಗೂದ್ರಿ ಬಾಬ. ನಾವ ಏನ ಕಟಗೊಂಡ ಎಲ್ಲಿಗಿ ಹೋಗೇವಿ? ನನ್ನ ಗಂಡನ್ನ ಇಲ್ಲೇ ಸುಟ್ಟೇವಿ. ಅಂವಾ ಏನ ಕ್ಯಾಂಪಿನ್ಯಾಗ ಸತ್ನೇನ್ರಿ?"

ಸರಪಂಚರು ತಲೆ ತಗ್ಗಿಸಿದರು. ಊರು ಎಂದು ಬರೆಯಬೇಕಾದರೆ ತೋರಿಸಲು ಏನಾದರೂ ಉಳಿದಿರಬೇಕಲ್ಲ, ಒಂದು ಗೋಡೆಯೂ ಇಲ್ಲ ಎಂದರು. ಅವ್ವ ಹೊಳೆಯತ್ತ ಕೈ ಮಾಡಿದಳು.

ಅಲ್ಲಿ ಒಂದು ಮತ್ತಿ ದಿಮ್ಮಿ ಮುಳುಗಿದೆ. ನಾನು ಸಣ್ಣವಳಿದ್ದಾಗ ಬಿದಿರಿನ ಕಟ್ಟು ಬಿಚ್ಚಿ ತಳ ಸೇರಿದ್ದು. ಬಿದಿರು ಸರಿಯಾಗಿ ಕಟ್ಟದ್ದು ಮೇಲಿನವರ ತಪ್ಪು ಎಂದು ಕೆಳಗಿನವರೂ, ಹೊತ್ತಿಗೆ ಸರಿಯಾಗಿ ಕೊಕ್ಕೆ ಹಾಕದ್ದು ಕೆಳಗಿನವರ ತಪ್ಪು ಎಂದು ಮೇಲಿನವರೂ ಇಂದಿಗೂ ವಾದಿಸುತ್ತಾರೆ. ಮತ್ತಿ ನೀರಿನಲ್ಲಿ ಕೊಳೆಯುವುದಿಲ್ಲ. ಬೇಸಿಗೆಯಲ್ಲಿ ಹೊಳೆ ಇಳಿದಾಗ ಅದರ ಕಪ್ಪು ಬೆನ್ನು ಕಾಣುತ್ತದೆ. ಅದನ್ನು ದಂಡೆಗೆ ತಂದು ಫಲಕದ ಪಕ್ಕ ಇಡೋಣ, ಆಗ ಹೇಳಿರಿ ಇದು ಊರೋ ಕ್ಯಾಂಪೋ ಎಂದು ಅವ್ವನ ಮಾತು. ಸರಪಂಚರಿಗೂ ಹಿಡಿಸಿತು. ನಾಳೆಯೇ ಕ್ರೇನ್ ಕಳಿಸುತ್ತೇನೆ ಅಂದರು. ಅವ್ವ ಬೇಡ ಅಂದಳು. ಕ್ರೇನ್ ಎತ್ತಿದರೆ ಅದು ಕ್ರೇನಿನ ಕಟ್ಟಿಗೆ, ನಮ್ಮದು ಹೇಗಾಗುತ್ತದೆ ಎಂದು ಕೇಳಿದಳು.

ನಾನು ಫಾತೋರ್ಡಾದಿಂದ ಫೋನು ಮಾಡಿ ಮಾಡಿ ಮಂದಿ ಕೂಡಿಸಿದೆ. ಒಂದು ಭಾನುವಾರ ಎಲ್ಲರೂ ಬಂದರು. ಗಾರೆ ಕೆಲಸದವರು, ಬಂದರಿನವರು, ಮಣಿಸರ ಮಾರುವ ಹುಡುಗರು, ಮ್ಹಾಪಸಾ ಸಂತೆಯಲ್ಲಿ ಮೆಣಸಿನಕಾಯಿ ಮಾರುವ ನನ್ನ ಚಿಗವ್ವನ ಮನೆಮಂದಿ ಎಲ್ಲ. ಮೇಲಿನಿಂದ ಯಲ್ಲಪ್ಪ ಮಾವ ಕೋಲೂರಿಕೊಂಡು ತನ್ನ ಮಂದಿಯೊಂದಿಗೆ ಇಳಿದು ಬಂದ. ಮೀನುಗಾರರು ದೋಣಿಯ ಎರಡು ದಪ್ಪ ಹಗ್ಗ ಕೊಟ್ಟರು. ಹುಡುಗರು ನೀರಿಗಿಳಿದು ದಿಮ್ಮಿಯ ಒಂದೊಂದು ತುದಿಗೆ ಒಂದೊಂದು ಹಗ್ಗ ಬಿಗಿದರು. ಸರಪಂಚರು ಉತ್ಸಾಹದಿಂದ, ಇವತ್ತು ಮೇಲಿನವರು ಕೆಳಗಿನವರು ಎಂಬ ಭೇದ ಬೇಡ ಎಂದು ಎಲ್ಲರನ್ನೂ ಬೆರೆಸಿ ಎರಡೂ ಹಗ್ಗಕ್ಕೆ ಹಂಚಿದರು. ಅವರ ಮನಸ್ಸು ದೊಡ್ಡದು. ಅಲ್ಲೇ ಎಡವಟ್ಟಾಯಿತು.

ಅವ್ವ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕೂಗಿದಳು. ದನಿ ಮೊದಲಿನಷ್ಟು ದಪ್ಪವಿಲ್ಲ, ಆದರೆ ನೀರಿನ ಮೇಲೆ ನೆಟ್ಟಗೆ ಹೋಗುತ್ತದೆ. "ಐ" ಅಂದಾಗ ಅರ್ಧ ಮಂದಿ ಎಳೆದರು. "ಸಾ" ಅಂದಾಗ ಅವರು ಉಸಿರು ಬಿಟ್ಟರು, ಉಳಿದರ್ಧ ಎಳೆದರು. ಇದು ಹುಟ್ಟಿನಿಂದ ಬಂದ ಕೈ, ಹೇಳಿದರೂ ಕೇಳುವುದಿಲ್ಲ. ಎಂದೂ ಹಗ್ಗ ಮುಟ್ಟದ ಹುಡುಗರೂ ತಮ್ಮ ತಮ್ಮ ಅಪ್ಪಂದಿರ ಹಾಗೆಯೇ ಎಳೆಯುತ್ತಿದ್ದರು. ದಿಮ್ಮಿ ಮೂತಿ ಎತ್ತಿ ಮತ್ತೆ ಕೆಸರಿಗೆ ಜಾರಿತು. ಹಲವು ಸಲ ಹೀಗೇ ಆಯಿತು. ಅವಸರದ ಮಂದಿ ಎಂದು ಒಬ್ಬರು, ತಡಾ ಮಂದಿ ಎಂದು ಇನ್ನೊಬ್ಬರು ಶುರು ಮಾಡಿದರು. ಅಂಗೈ ಸಿಪ್ಪೆ ಸುಲಿದವರು ಹಗ್ಗ ಬಿಟ್ಟು ಕೂತರು. ಸರಪಂಚರು ಮೆಲ್ಲಗೆ ಬಂದು, ಬೇಕಾದೀತೆಂದು ರಸ್ತೆಯಲ್ಲಿ ಕ್ರೇನ್ ನಿಲ್ಲಿಸಿದ್ದೇನೆ ಅಂದರು. ನನಗೆ ಅಳು ಬಂತು. ಕ್ಯಾಂಪೇ ಆಗಿಹೋಗುತ್ತೇವಲ್ಲ ಎಂದು ಅವ್ವನ ಮುಖ ನೋಡಿದರೆ, ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

"ನಿಮ್ಮಪ್ಪನ ಕೂಡ ಟ್ರಂಕ್ ಸರಸಾಕತ್ತಂಗ ಆಗೇತಿ" ಅಂದಳು.

ಎದ್ದು ನಿಂತು ಎಲ್ಲರನ್ನೂ ಬೇರೆ ಮಾಡಿದಳು. ಮೇಲಿನವರೆಲ್ಲ ಆ ಹಗ್ಗಕ್ಕೆ, ಕೆಳಗಿನವರೆಲ್ಲ ಈ ಹಗ್ಗಕ್ಕೆ. ಯಾರೂ ತಮ್ಮ ಪದ್ಧತಿ ಬಿಡುವುದು ಬೇಡ, ಅವಸರದವರು ಅವಸರ ಮಾಡಲಿ, ತಡದವರು ತಡ ಮಾಡಲಿ ಅಂದಳು. ಆಮೇಲೆ ಕೂಗಿದಳು. "ಐ" ಅಂದಾಗ ಯಲ್ಲಪ್ಪ ಮಾವನ ಕಡೆಯವರು ದಿಮ್ಮಿಯ ಒಂದು ತುದಿ ಎಳೆದರು, ಅದು ಒಂದು ಗೇಣು ಮುಂದೆ ಬಂತು. "ಸಾ" ಅಂದಾಗ ನಮ್ಮವರು ಇನ್ನೊಂದು ತುದಿ ಎಳೆದರು, ಅದೂ ಬಂತು. ಒಬ್ಬರು ಎಳೆಯುವಾಗ ಇನ್ನೊಬ್ಬರು ಬಿಗಿ ಹಿಡಿದಿದ್ದರಿಂದ ಅದು ಹಿಂದಕ್ಕೆ ಜಾರಲಿಲ್ಲ. ಅಷ್ಟು ವರ್ಷ ಮಲಗಿದ್ದ ಮತ್ತಿ ಕೆಸರು ಸುರಿಸುತ್ತ, ಎಡಕ್ಕೊಂದು ಬಲಕ್ಕೊಂದು ಹೆಜ್ಜೆಯಿಟ್ಟು ದಂಡೆ ಏರತೊಡಗಿತು. ನಾನು ಕೂಗುತ್ತಿದ್ದೆನೋ ಅಳುತ್ತಿದ್ದೆನೋ ಗೊತ್ತಿಲ್ಲ. ನಮ್ಮೂರಿನ ಮಂದಿಯನ್ನು ನೋಡಿ ಅಷ್ಟು ಹೆಮ್ಮೆ ನನಗೆ ಎಂದೂ ಆಗಿರಲಿಲ್ಲ.

ಕೊನೆಯ ಏರಿನಲ್ಲಿ ನಮ್ಮ ಹಗ್ಗದ ತುದಿಯಲ್ಲಿದ್ದ ಬಸಪ್ಪ ಕಾಕಾ, ಅಪ್ಪನ ಹಳೆಯ ಜೊತೆಗಾರ, ಕಾಲು ಜಾರಿ ಕೂತುಬಿಟ್ಟ. ಹಗ್ಗ ಕೈ ಜಾರುವುದರೊಳಗೆ ಯಾರೋ ಓಡಿ ಬಂದು ಅವನ ಜಾಗ ಹಿಡಿದರು. ನೋಡಿದರೆ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಉಲ್ಲಾಸಬಾಬ. ಅವರಿಗೆ "ಐ" ಕೂಡ ಗೊತ್ತಿಲ್ಲ, "ಸಾ" ಕೂಡ ಗೊತ್ತಿಲ್ಲ, ಎರಡಕ್ಕೂ ಎಳೆಯುತ್ತಿದ್ದರು. ದಿಮ್ಮಿ ಮೇಲೆ ಬಂದು ನಿಂತಾಗ ಅವರ ಅಂಗಿ ಯಾವ ಬಣ್ಣದ್ದು ಎಂದು ಹೇಳುವಂತಿರಲಿಲ್ಲ.

ನಮ್ಮಲ್ಲಿ ಹಗ್ಗದ ಊಟ ಎಂದು ಒಂದು ಪದ್ಧತಿ ಇತ್ತು. ದೊಡ್ಡ ದಿಮ್ಮಿ ಎದ್ದ ದಿನ ಹಗ್ಗ ಹಿಡಿದವರೆಲ್ಲ ಒಂದೇ ಸಾಲಿನಲ್ಲಿ ಕೂತು ಉಣ್ಣಬೇಕು, ಕೂಗಿದವಳು ಬಡಿಸಬೇಕು. ಯಾವ ಜಾತಿ, ಎಲ್ಲಿಯವನು ಎಂದು ಆ ಸಾಲಿನಲ್ಲಿ ಯಾರೂ ಕೇಳುತ್ತಿರಲಿಲ್ಲ. ಅವ್ವ ನಸುಕಿನಲ್ಲೇ ಎದ್ದು ರೊಟ್ಟಿ ಬಡಿದಿದ್ದಳು, ಕಡಲೆಹಿಟ್ಟಿನ ಜುಣಕ ಮಾಡಿದ್ದಳು. ಹೊಳೆಯಾಚೆಯ ಮನೆಯವರು ಮೀನಿನ ಸಾರು ತಂದಿದ್ದರು. ಎಲ್ಲರೂ ದಿಮ್ಮಿಯ ಎದುರಿಗೆ ಸಾಲಾಗಿ ಕೂತೆವು. ಸರಪಂಚರು ಮಾತ್ರ ಸ್ಕೂಟರಿನ ಕೀಲಿ ಕೈಯಲ್ಲಿ ಹಿಡಿದು ದೂರ ನಿಂತಿದ್ದರು. ನಿಮ್ಮ ಮಂದಿಯ ಊಟ, ನೀವು ಮುಗಿಸಿರಿ, ನಾನು ಮನೆಗೆ ಹೋಗುತ್ತೇನೆ ಅಂದರು.

ಅವ್ವ ರೊಟ್ಟಿಯ ಬುಟ್ಟಿ ಸೊಂಟಕ್ಕೆ ಇಟ್ಟುಕೊಂಡು ಅವರ ಎದುರಿಗೆ ಹೋದಳು.

"ಹಗ್ಗಾ ಹಿಡದವರು ಉಣ್ಣದ ಹೋಗೂ ಪದ್ಧತಿ ನಮ್ಮೂರಾಗ ಇಲ್ರಿ ಬಾಬ. ಬರ್ರಿ, ಕುಂದರ್ರಿ. ಇವತ್ತಿನಿಂದ ನೀವೂ ನಮ್ಮೂರವರ."

ಏಳೆಂಟು ತಲೆಮಾರಿನಿಂದ ಅದೇ ಹೊಳೆಯ ನೀರು ಕುಡಿದ ಮನೆತನದ ಮನುಷ್ಯ ಸ್ಕೂಟರಿನ ಕೀಲಿಯನ್ನು ಜೇಬಿಗೆ ಹಾಕಿದರು. ಆಮೇಲೆ ಚಪ್ಪಲಿ ಬಿಟ್ಟು, ಪ್ಯಾಂಟಿನ ಕಾಲು ಮಡಚಿ, ಬಸಪ್ಪ ಕಾಕಾನ ಪಕ್ಕದಲ್ಲಿ ಕೂತರು. ಮುರಿದ ರೊಟ್ಟಿಯನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದರು:

"ಗಾಂವಾಚೆಂ ನಾಂವ ಕಿತೆಂ ಬರೊವಚೆಂ, ಮಾಯ?"

ಊರಿನ ಹೆಸರು ಏನೆಂದು ಬರೆಸಲಿ ಎಂದು ಕೇಳಿದ್ದರು. ಕ್ಯಾಂಪು ಅನ್ನಲಿಲ್ಲ. ತಮ್ಮ ತಮ್ಮ ಧಕ್ಕಿಯ ಹೆಸರು ಹೇಳಲು ಮೇಲಿನವರೂ ಕೆಳಗಿನವರೂ ಒಟ್ಟಿಗೆ ಬಾಯಿ ತೆರೆದರು. ಅವ್ವ ಯಾರಿಗೂ ಮಾತಾಡಲು ಬಿಡದೆ ಸರಪಂಚರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

"ಮೊದಲ ಉಣ್ರಿ. ಊರು ಎಲ್ಲೂ ಓಡಿ ಹೋಗೂದಿಲ್ಲ."